ತಿಳಿದದ್ದು ವಿದ್ಯೆಯಲ್ಲ ಅಂದಿರಿ

ಅತ್ತೆಯವರೇ,

ನೀವು ಇದ್ದಾಗ ಈ ಮಾತು ತೆಗೆದರೆ ಅರ್ಧಕ್ಕೇ ತಡೆಯುತ್ತಿದ್ದಿರಿ. ಈಗ ತಡೆಯಲಾರಿರಿ, ಪೂರಾ ಕೇಳಿರಿ. ನನಗೆ ನಿಮ್ಮ ಮೇಲೆ ಸಿಟ್ಟಿದೆ. ನೀವು ಹೋಗಿ ವರ್ಷವಾಗುತ್ತ ಬಂತು, ಇನ್ನೂ ಇಳಿದಿಲ್ಲ.

ಅವಳಿ ಮಕ್ಕಳನ್ನು ಶಾಲೆಗೆ ಹಚ್ಚಿದ ದಿನ ನೆನಪಿದೆಯೇ? ವೀರೇಶನಿಗೆ ಬೂಟು, ಟೈ ಹಾಕಿಸಿ, ಕ್ಯಾಥೊಲಿಕ್ ಸಿಸ್ಟರುಗಳು ನಡೆಸುವ ಆ ಸಣ್ಣ ಇಂಗ್ಲಿಷ್ ಶಾಲೆಗೆ ನೀವೇ ಕರೆದೊಯ್ದಿರಿ. ರೇಣುಕಾಳನ್ನು ಓಣಿಯ ತುದಿಯ ಸರಕಾರಿ ಕನ್ನಡ ಶಾಲೆಗೆ ನಾನು ಬಿಟ್ಟು ಬಂದೆ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ಹುಡುಗಿಗೆ ಸನೇದ ಸಾಲಿ ಸಾಕು. ಲಗೂ ಮನಿಗೆ ಬಂದು ಮಗ್ಗಕ್ಕ ನೂಲಿನ ಕಂಡಿಕಿ ಸುತ್ತತಾಳ" ಅಂದಿರಿ. ಒಂದೇ ಹೊಟ್ಟೆಯಲ್ಲಿ ಕೂಡಿ ಬೆಳೆದ ಮಕ್ಕಳಲ್ಲವೇ ಅವು?

ಸಂಜೆಯಾದರೆ ನಿಮ್ಮ ಪರೀಕ್ಷೆ. "ಇವತ್ತ ಏನ್ ಕಲಿಸ್ಯಾರ, ಹೇಳ್ರಿ" ಎಂದು ಇಬ್ಬರನ್ನೂ ಎದುರು ಕೂಡಿಸಿಕೊಳ್ಳುತ್ತಿದ್ದಿರಿ. ಒಂದು ಸಂಜೆ ನೀರು ಆವಿಯಾಗುವ ಪಾಠವನ್ನು ವೀರೇಶ ಉಸಿರು ಬಿಡದೆ ಇಂಗ್ಲಿಷಿನಲ್ಲಿ ಒದರಿದ. ಒಂದಕ್ಷರ ತಿಳಿಯದಿದ್ದರೂ ನಿಮ್ಮ ಮುಖ ಅರಳಿತು. ರೇಣುಕಾ ಹೇಳಿದಳು: "ಅಜ್ಜಿ, ಗಂಜಿ ಹಚ್ಚಿದ ನೂಲು ಗಾಳಿ ಬಿಟ್ರ ಆರತೈತಲ್ಲ, ಆ ನೀರು ಎಲ್ಲೂ ಹೋಗೂದಿಲ್ಲ, ಗಾಳ್ಯಾಗ ಸೇರತೈತಿ." ನೀವು ನಕ್ಕಿರಿ. "ಇದು ನನಗೂ ತಿಳೀತು. ನನಗ ತಿಳಿಯೂದನ್ನ ಕಲಿಯಾಕ ಸಾಲಿ ಯಾಕ ಬೇಕವಾ?" ಕೂಸು ಎದ್ದು ಕಂಡಿಕೆ ಸುತ್ತಲು ಹೋಯಿತು. ತಿಳಿಯದ್ದೇ ವಿದ್ಯೆ ಎಂದು ನಿಮಗೆ ಯಾರು ಹೇಳಿದ್ದರು? ಗಜೇಂದ್ರಗಡದ ತುಂಬ ಮೊಮ್ಮಗನ ಇಂಗ್ಲಿಷನ್ನೇ ಹೇಳಿಕೊಂಡು ತಿರುಗಿದಿರಿ, ಮೊಮ್ಮಗಳದು ಮಾತ್ರ...

ಒಮ್ಮೆ ವೀರೇಶನ ಶಾಲೆಗೆ ನಾನು ಹೋಗಿದ್ದೆ. ವರ್ಗಕ್ಕೆ ಬೆರಳೆಣಿಕೆಯ ಮಕ್ಕಳು. ಯಾವ ಅಕ್ಷರ ಯಾರದೆಂದು ಸಿಸ್ಟರಿಗೆ ನೋಡಿದ ಕೂಡಲೇ ಗೊತ್ತು, ದಿನಾ ತಿದ್ದುತ್ತಾರೆ. ಅದನ್ನು ಒಪ್ಪುತ್ತೇನೆ. ಮಂಗಳೂರ ಕಡೆಯ ಆ ಸಿಸ್ಟರು, "ಅಮ್ಮಾ, ಹುಡುಗ ಜಾಣ, ಆದರೆ ಬರೀ ಬಾಯಿಪಾಠ. ನಿನ್ನ ಮಾತಿನಲ್ಲಿ ಹೇಳು ಅಂದರೆ ಸುಮ್ಮನೆ ನಿಲ್ಲುತ್ತಾನೆ" ಅಂದರು. ಮನೆಗೆ ಬಂದು ನಿಮಗೆ ಹೇಳಿದರೆ, "ಅಕಿಗೇನ್ ಗೊತ್ತೈತಿ ಬಿಡು" ಅಂದಿರಿ. ಕಲಿಸುವವರಿಗೇ ಗೊತ್ತಿಲ್ಲವೇ?

ರೇಣುಕಾಳ ಶಾಲೆಯ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಗುರುಗಳು ಚಲೋ ಕಲಿಸುತ್ತಿದ್ದರು, ಇದ್ದ ದಿನ. ಇವತ್ತು ಸಮೀಕ್ಷೆ, ನಾಳೆ ರೋಣದಲ್ಲಿ ತರಬೇತಿ ಎಂದು ಮೇಲಿನವರು ಕರೆಸಿಕೊಳ್ಳುತ್ತಿದ್ದರು. ಉಳಿದೊಬ್ಬರು ಎರಡು ವರ್ಗಗಳನ್ನು ಒಂದೇ ಖೋಲಿಯಲ್ಲಿ ಕೂಡಿಸಿಕೊಂಡು ಏನು ಮಾಡಿಯಾರು? ಇಂಗ್ಲಿಷ್ ಅಂತೂ ಹೆಸರಿಗಷ್ಟೇ. ಹಾಗೆ ಕರೆಸಿಕೊಳ್ಳುವ ಸಾಹೇಬರ ಮಕ್ಕಳು ಅದೇ ಖೋಲಿಯಲ್ಲಿ ಕೂತಿದ್ದರೆ ಕರೆಸುತ್ತಿದ್ದರೇ?

ಮೊನ್ನೆ ಇಬ್ಬರದೂ ಏಳನೆಯ ವರ್ಗ ಮುಗಿಯಿತು. ಊಟಕ್ಕೆ ಕೂತಾಗ ನಿಮ್ಮ ಮಗ, "ರೇಣುಕಾಂದು ಇಷ್ಟ ಸಾಕು, ಮಗ್ಗ ಕಲೀಲಿ. ಅಕಿ ಕಲತದ್ದು ಕಲಿಕಿ ಅಲ್ಲಂತ ಅವ್ವನೂ ಅಂತಿದ್ಲು" ಅಂದರು. ಸತ್ತ ಮೇಲೂ ನಿಮ್ಮದೇ ಮಾತು! ನಾನು ಬಾಯಿ ತೆರೆಯುವ ಮೊದಲೇ ವೀರೇಶ ತಾಟು ಸರಿಸಿದ. "ಅಕಿ ಬಿಟ್ರ ನಾನೂ ಬಿಡತೀನಪ್ಪಾ. ನನ್ನ ಪಾಠ ನನಗ ತಿಳಿಸಿ ಹೇಳಾಕಿ ಅಕೀನ."

ಇದು ನಿಮಗೆ ಗೊತ್ತಿರದ ಸುದ್ದಿ, ಅತ್ತೆಯವರೇ. ಇಬ್ಬರ ವಿಜ್ಞಾನದ ಪುಸ್ತಕದಲ್ಲೂ ಪಾಠ ಅವೇ, ಚಿತ್ರಗಳೂ ಅವೇ, ಭಾಷೆಯಷ್ಟೇ ಬೇರೆ. ಅವಳು ಕಂಡಿಕೆ ಸುತ್ತುವಾಗ ಅವನು ಬದಿಗೆ ಕೂತು, ಅವಳ ಪುಸ್ತಕದಲ್ಲಿ ಅದೇ ಚಿತ್ರ ಹುಡುಕಿ, "ಹಂಗಂದ್ರ ಏನ?" ಎಂದು ಕೇಳುತ್ತಿದ್ದನಂತೆ. ಅವಳು ಬಿಡಿಸಿ ಹೇಳಿ, ಸಿಸ್ಟರು ಅವನಿಗೆ ಕಲಿಸಿದ ಇಂಗ್ಲಿಷ್ ಹೆಸರುಗಳನ್ನು ತಾನು ಕಲಿಯುತ್ತಿದ್ದಳಂತೆ. ನಾವು ದೊಡ್ಡವರು ಇಬ್ಬರಿಗೂ ಅರ್ಧರ್ಧ ವಿದ್ಯೆ ಕೊಡಿಸಿದೆವು. ಕೂಡಿಸಿಕೊಂಡವರು ಮಕ್ಕಳೇ.

ಇಬ್ಬರನ್ನೂ ಒಂದೇ ಹೈಸ್ಕೂಲಿಗೆ ಹಚ್ಚಿ ಬಂದಿದ್ದೇನೆ. ಇನ್ನು ಕಂಡಿಕೆಯನ್ನೂ ಇಬ್ಬರೂ ಸುತ್ತುತ್ತಾರೆ. ನಿಮ್ಮ ಮಗ ಗೊಣಗುತ್ತಿದ್ದಾರೆ, ಗೊಣಗಲಿ.

ಹೆಸರು ಹಚ್ಚಿ ಬರುವಾಗ ರೇಣುಕಾ ನನ್ನ ಕೈ ಹಿಡಿದು ಕೇಳಿದಳು: "ಯವ್ವಾ, ಅಜ್ಜಿ ಇದ್ದಿದ್ರ ನನ್ನ ಹೈಸ್ಕೂಲಿಗೆ ಕಳಸತಿದ್ಲೇನ?"

"ಕಳಸತಿದ್ರವಾ" ಅಂದೆ. ನಿಮಗಾಗಿ ಆ ಕೂಸಿಗೆ ಸುಳ್ಳು ಹೇಳಿದ್ದೇನೆ. ಅವಳು ನಂಬಿದಳು.

ನಿಮ್ಮ ಸೊಸೆ