ಚಹಾ ಕಪ್ಪಿಗೆ ಮಾಡಿದ ಜಾಗ

ಅಕ್ಕಾ,

ಇದನ್ನು ವಾರ್ಡಿನಲ್ಲಿ ಓದಬೇಡ. ನೀನು ನಕ್ಕರೆ ನಿನ್ನ ರೋಗಿಗಳೆಲ್ಲ ಎದ್ದು ಕೂರುತ್ತಾರೆ.

ಔಷಧಿಗಳ ಬಗ್ಗೆ ಎಲ್ಲ ದೇಶಗಳೂ ಸೇರಿರುವ ಈ ಸಭೆಯಲ್ಲಿ ಮಾತಾಡಬೇಕೆನ್ನುವವರು ಮೇಜಿನ ಮೇಲಿರುವ ತಮ್ಮ ದೇಶದ ಫಲಕವನ್ನು ನೆಟ್ಟಗೆ ನಿಲ್ಲಿಸಬೇಕು. ನಮ್ಮಂಥ ಬಡ ದೇಶಗಳಿಗೆ ಹಿಂದಿನ ಕುರ್ಚಿಗಳು. ನಮ್ಮ ಫಲಕಗಳು ಮೂರು ದಿನದಿಂದ ಮಲಗಿಯೇ ಇದ್ದವು. ಇಂದು ಅಧ್ಯಕ್ಷರು, ಹೊಸ ಔಷಧಿಗಳನ್ನು ದೊಡ್ಡ ದೇಶಗಳು ಮಾತ್ರ ತಯಾರಿಸಬೇಕು ಎಂಬ ವಾಕ್ಯ ಓದಿ, "ಎಲ್ಲರಿಗೂ ಒಪ್ಪಿಗೆ ತಾನೇ?" ಎಂದರು. ಅದೇ ಹೊತ್ತಿಗೆ, ನಮ್ಮ ದೇಶದ ಪರವಾಗಿ ಬಂದಿರುವ ನಮ್ಮ ಸಾಹೇಬರು ಚಹಾ ಕಪ್ಪಿಗೆ ಜಾಗ ಮಾಡಲು ಫಲಕವನ್ನು ಎತ್ತಿ ನಿಲ್ಲಿಸಿದರು. ಅದನ್ನು ನೋಡಿ ಪಕ್ಕದ ದೇಶದವರೂ ನಿಲ್ಲಿಸಿದರು, ಅವರ ಪಕ್ಕದವರೂ. ಟಪಟಪನೆ ನಲವತ್ತೊಂದು ಫಲಕ! ಟೈಪ್ ಮಾಡುತ್ತಿದ್ದ ನನ್ನ ಕೈ ನಿಂತೇ ಹೋಯಿತು.

"ಏನು ನಿಮ್ಮ ಆಕ್ಷೇಪ?" ಎಂದು ಅಧ್ಯಕ್ಷರು ಮೊದಲು ಫಲಕ ನಿಲ್ಲಿಸಿದ ನಮ್ಮ ಸಾಹೇಬರನ್ನೇ ಕೇಳಿದರು.

ಸಾಹೇಬರು ಪಿಳಿಪಿಳಿ ಕಣ್ಣು ಬಿಟ್ಟು, ಬಾಯಲ್ಲಿದ್ದ ಚಹಾ ನುಂಗಿ ಎದ್ದರು. "ಕಾಯಿಲೆ ನಮ್ಮನ್ನೇನೂ ಬಿಟ್ಟಿಲ್ಲ ಸ್ವಾಮಿ. ಔಷಧಿನೂ ನಾವೇ ಮಾಡ್ಕೋತೀವಿ."

ಅಧ್ಯಕ್ಷರು ಆ ವಾಕ್ಯವನ್ನು ಹೊಡೆದುಹಾಕಿದರು ಅಕ್ಕಾ!

ಹೊಸ ಬೂಟು ಕಚ್ಚಿ ಹಿಮ್ಮಡಿ ಸುಲಿದಿದೆ, ಬೇರೆ ತೊಂದರೆಯಿಲ್ಲ. ಈ ಅಂಚೆ ಕಾರ್ಡು ತುಂಬಿತು. ನಾಳೆ ಅಂಥದೇ ಇನ್ನೊಂದು ವಾಕ್ಯ ಬರಲಿದೆ; ಸಾಹೇಬರು ಈಗಲೇ ಎರಡು ಕಪ್ ಚಹಾ ಹೇಳಿಟ್ಟಿದ್ದಾರೆ.

ನಿನ್ನ ತಂಗಿ