ಪಾರಿವಾಳದ ಕಣ್ಣಿನ ಜಾಗದಲ್ಲಿ ಕೂತವಳಿಗೆ

ಅಕ್ಕಾ,

ನಾಳೆ ಮತ್ತೆ ಕ್ರೀಡಾಕೂಟ ಶುರು. ಅದೇ ಕ್ರೀಡಾಂಗಣ, ಅದೇ ಮೆಟ್ಟಿಲ ಸಾಲು, ಅದೇ ಡ್ರಿಲ್ ಮೇಷ್ಟ್ರು. ಹೊರದೇಶದ ಅತಿಥಿಗಳು ಬರುತ್ತಾರೆಂದು ಗೋಡೆಗಳಿಗೆಲ್ಲ ಬಣ್ಣ ಬಳಿದಿದ್ದಾರೆ, ಬಾಯಿ ಇದ್ದವರನ್ನೆಲ್ಲ ಒಳಗೆ ಹಾಕಿದ್ದಾರೆ. ಸರ್ಕಾರ ಮನೆ ಗುಡಿಸುವ ರೀತಿಯೇ ಇದು.

ನೀನು ಹೋದ ಮೇಲೆ ಫ್ಯಾಕ್ಟರಿಯಲ್ಲಿ ನಿನ್ನ ಹೊಲಿಗೆ ಯಂತ್ರಕ್ಕೆ ನನ್ನನ್ನೇ ಕೂರಿಸಿದರು. ಸೂಜಿ ಬದಲಾಯಿಸಿದೆ, ಬೆಲ್ಟು ಬದಲಾಯಿಸಿದೆ. ಆದರೂ ಊಟದ ಗಂಟೆ ಹೊಡೆದು ಎಲ್ಲರ ಯಂತ್ರ ನಿಂತಾಗ ಅದೊಂದು ಮಾತ್ರ ಇನ್ನೊಂದು ಹೊಲಿಗೆ ಹಾಕಿಯೇ ನಿಲ್ಲುತ್ತದೆ. ನಿನ್ನ ಕಾಲಿನ ಚಾಳಿ ಅದಕ್ಕಿನ್ನೂ ಬಿಟ್ಟಿಲ್ಲ.

ಕಳೆದ ಕೂಟ ಶುರುವಾದ ಆ ದಿನ ನಾನೂ ಅಮ್ಮನೂ ಟೀವಿ ಮುಂದೆ ಕೂತಿದ್ದೆವು. ನಮ್ಮ ಬೀದಿಯನ್ನು ಕೆಡವಿ ಕ್ರೀಡಾಂಗಣಕ್ಕೆ ಕಾರು ನಿಲ್ಲಿಸುವ ಜಾಗ ಮಾಡಿ, ನಮ್ಮನ್ನು ತಂದು ಎಸೆದಿದ್ದರಲ್ಲ, ಆ ತಗಡಿನ ಶೆಡ್ಡಿನಲ್ಲಿ. ಬುಲ್ಡೋಜರಿಗೆ ಅಡ್ಡ ಮಲಗಿದ ಅಪ್ಪ ಠಾಣೆಯಿಂದ ಬಟ್ಟೆ ಸುತ್ತಿಸಿಕೊಂಡು ವಾಪಸ್ ಬಂದಿದ್ದ. ಹೃದಯ ನಿಂತಿತು ಅಂದರು. ನಿಲ್ಲಿಸಿದ್ದು ಯಾರೆಂದು ಹೇಳಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ ನಿನ್ನ ಕೈಗೆ ಫ್ಯಾಕ್ಟರಿಯವರು ಬೋರ್ಡು ಕೊಟ್ಟರು. ಹೋಗದಿದ್ದರೆ ಕೆಲಸ ಇಲ್ಲ.

ಡ್ರಮ್ಮಿನ ಒಂದೊಂದು ಪೆಟ್ಟಿಗೆ ಮೆಟ್ಟಿಲ ಸಾಲಿನಲ್ಲಿ ಕೂತ ಸಾವಿರಾರು ಜನ ಒಂದೊಂದು ಬಣ್ಣದ ಬೋರ್ಡು ಎತ್ತಬೇಕು. ಎದುರು ಕೂತ ದೊಡ್ಡವರಿಗೆ ಚಿತ್ರ ಕಾಣುತ್ತದೆ, ಎತ್ತಿದವರಿಗೆ ಬೋರ್ಡಿನ ಬೆನ್ನು. ಮೇಷ್ಟ್ರು ಕಲಿಸಿದ ನಿಯಮ ಎರಡೇ. ನಿಮ್ಮ ಮುಖ ಕಾಣಬಾರದು. ಪಕ್ಕದ ಕುರ್ಚಿ ಖಾಲಿಯಾದರೆ ಅದರ ಬೋರ್ಡನ್ನೂ ನೀವೇ ಎತ್ತಬೇಕು. ನೀನು ಮನೆಗೆ ಬಂದು ನಗುತ್ತಾ ಹೇಳಿದ್ದೆ, “ನಾನು ಪಾರಿವಾಳದ ಕಣ್ಣಂತೆ ಕಣೇ. ಶಾಂತಿಯ ಪಾರಿವಾಳ. ಅಷ್ಟೂ ಬಿಳಿ, ನಾನೊಬ್ಬಳೇ ಕರಿ.” ಬಣ್ಣ ನೋಡಿಯೇ ಆರಿಸಿರಬೇಕು ಎಂದು ನಾನು ರೇಗಿಸಿದ್ದೆ.

ಡ್ರಮ್ಮಿನ ಪೆಟ್ಟು ಬಿತ್ತು. ಟೀವಿ ತುಂಬ ಬಿಳಿ ರೆಕ್ಕೆ. ಕಣ್ಣಿರಬೇಕಾದಲ್ಲಿ ಕರಿ ಬೋರ್ಡು ಏಳಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ನೀನು ನೆಟ್ಟಗೆ ಕೂತಿದ್ದೆ. ಅಷ್ಟು ಜನರಲ್ಲಿ ಒಂದೇ ಒಂದು ಮುಖ. ಕ್ಯಾಮೆರಾದವನಿಗೆ ಏನನ್ನಿಸಿತೋ, ಹತ್ತಿರ ತಂದ. ಪಾರಿವಾಳದ ಕಣ್ಣೊಳಗಿಂದ ನಮ್ಮ ಅಕ್ಕ ಇಡೀ ಲೋಕವನ್ನು ನೋಡುತ್ತಿದ್ದಳು.

ಮುಂದಿನ ಪೆಟ್ಟಿಗೆ ಬಾವುಟದ ಚಿತ್ರ. ಅದರಲ್ಲಿ ತೂತೇ ಇರಲಿಲ್ಲ. ಅಷ್ಟರಲ್ಲೇ ನಿನ್ನನ್ನು ಎಳೆದೊಯ್ದಿದ್ದರು. ನಿನ್ನ ಎಡಗಡೆ ಕೂತಿದ್ದ ಕಾಜಾ ಚಿಕ್ಕಮ್ಮ, ಅದೇ ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕುವಾಕೆ, ಎರಡು ಬೋರ್ಡು ಎತ್ತಿ ಹಿಡಿದಿದ್ದಳು. ಆಮೇಲೆ ಬಂದು ಅಮ್ಮನ ಕಾಲ ಬಳಿ ಕೂತು, ಕೈ ತಾನಾಗಿ ಎದ್ದಿತು ಕಣಮ್ಮಾ ಎಂದು ಅತ್ತಳು. ಅಮ್ಮ ಆ ಕೈಗಳನ್ನು ಹಿಡಿದು ಸುಮ್ಮನೆ ಸವರಿದಳು.

ಯಾವ ಠಾಣೆಗೆ ಹೋದರೂ ಅಂಥ ಹೆಂಗಸೇ ಕೂಟಕ್ಕೆ ಬಂದಿರಲಿಲ್ಲ ಅಂದರು. ಸಾಕ್ಷಿಗೆ ನಿನ್ನ ಕುರ್ಚಿಯನ್ನೇ ಕಿತ್ತರು. ಈ ಸಲದ ಅಭ್ಯಾಸದಲ್ಲಿ ಚಿತ್ರ ಎತ್ತಿದರೆ, ಸರಿಯಾಗಿ ಅಲ್ಲೇ ತೂತು! ಬಾಯಿ ಬಡಿದುಕೊಂಡು ಮತ್ತೆ ಕುರ್ಚಿ ಹಾಕಿದರು. ಇಲ್ಲದವಳಿಗೆ ಕುರ್ಚಿ ಹಾಕಿಕೊಟ್ಟ ಸರ್ಕಾರ ಇದೊಂದೇ ಇರಬೇಕು.

ಆದರೆ ಅಲ್ಲಿ ಕೂತವರ ಕೈ ಏಳುತ್ತಿಲ್ಲ. ಮೇಷ್ಟ್ರು ಒಬ್ಬಳನ್ನು ಎಬ್ಬಿಸಿ ಇನ್ನೊಬ್ಬಳನ್ನು ಕೂರಿಸುತ್ತಾನೆ. ಪಾರಿವಾಳದ ಪೆಟ್ಟು ಬೀಳುತ್ತದೆ, ಬೋರ್ಡು ಮಡಿಲಲ್ಲೇ ಇರುತ್ತದೆ. ಕೈ ಹಿಡಿದುಕೊಂಡಿದೆ ಸಾರ್ ಅನ್ನುತ್ತಾಳೆ ಒಬ್ಬಳು. ಇಲ್ಲಿ ಆಗಲೇ ಯಾರೋ ಕೂತಿದ್ದಾರಲ್ಲ ಸಾರ್, ಸ್ವಲ್ಪ ಸರಿದುಕೊಳ್ಳೋಕೆ ಹೇಳಿ ಅಂದಳು ಇನ್ನೊಬ್ಬಳು. ಯಾರೂ ನಗಲಿಲ್ಲ. ಮೇಷ್ಟ್ರು ಆ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಾನೆ, ಕೆಳಗಿಂದಲೇ ಕೂಗುತ್ತಾನೆ.

ಕೊನೆಗೆ ಆ ಕುರ್ಚಿಯನ್ನು ಕೇಳಿಕೊಂಡು ಹೋದದ್ದು ಅಮ್ಮ. ಅವಳು ಯಾರ ತಾಯಿ ಎಂದು ಮೇಷ್ಟ್ರಿಗೆ ಗೊತ್ತಿಲ್ಲ. ಮುದುಕಿ, ಹೇಳಿದ ಹಾಗೆ ಕೇಳುತ್ತಾಳೆ ಎಂದು ಸಂತೋಷವಾಗಿ ಕೊಟ್ಟ. ಅಭ್ಯಾಸದಲ್ಲಿ ಒಂದು ಸಲವೂ ತಪ್ಪದೆ ಕರಿ ಬೋರ್ಡು ಎತ್ತಿದಳು. ಕೂಟದ ದಿನ ಎತ್ತದೆ ಕೂರಲೆಂದೇ ಈಗ ಎತ್ತುತ್ತಿದ್ದಾಳೆ ಎಂದು ನನಗೆ ಹೊಳೆಯಿತು. ಸಂಜೆ ಅವಳ ಕೈ ಹಿಡಿದು, ನಿನ್ನನ್ನೂ ಎಳೆದೊಯ್ದರೆ ನಾನು ಯಾರ ಮುಖ ನೋಡಲಿ ಎಂದು ಜಗಳವಾಡಿದೆ. ಅವಳು ತಲೆ ಬಾಚಿಕೊಳ್ಳುತ್ತಾ ಹೇಳಿದಳು:

“ಅವಳ ಮುಖ ನಾನು ಟೀವಿಯಲ್ಲಿ ನೋಡಿದೆ. ಎಲ್ಲಾದ್ರೂ ಇದ್ರೆ, ನನ್ನ ಮುಖ ಅವಳೂ ನೋಡ್ಲಿ.”

ಬದುಕಿದ್ದೀಯೋ ಇಲ್ಲವೋ ಗೊತ್ತಿಲ್ಲ ಅಕ್ಕಾ. ಕತ್ತಲ ಕೋಣೆಯಲ್ಲಿದ್ದರೆ, ಕಾವಲಿನವನು ಟೀವಿ ಹಚ್ಚಿದರೆ, ಬಾಗಿಲ ಸಂದಿಯಲ್ಲಾದರೂ ಇಣುಕು. ರೆಕ್ಕೆ ನೋಡಬೇಡ, ಕಣ್ಣು ನೋಡು.

ಕಾಜಾ ಚಿಕ್ಕಮ್ಮ ತನ್ನ ಜಾಗವನ್ನು ನನಗೆ ಬಿಟ್ಟುಕೊಟ್ಟಿದ್ದಾಳೆ. ನಾಳೆ ಅಮ್ಮನ ಎಡಗಡೆ ನಾನು. ಅವಳ ಕುರ್ಚಿ ಖಾಲಿಯಾದರೆ ಆ ಬೋರ್ಡು ನಾನು ಎತ್ತಬೇಕು.

ಎತ್ತುವುದಿಲ್ಲ. ನನ್ನದನ್ನೂ ಎತ್ತುವುದಿಲ್ಲ.

ನೀನಿರುವಲ್ಲಿ ಬೆಳಕಿರಲಿ,
ನಿನ್ನ ತಂಗಿ