ಎರಡನೆಯ ಪೊಟ್ಟಣ

ಚಂದನನಗರ
ವೈಶಾಖದ ಕೊನೆಯ ಗುರುವಾರ, ಸಂಜೆ

ನನ್ನ ಬೌಮಾ,

ಹೀಗೆ ಕರೆದದ್ದಕ್ಕೆ ನಿನ್ನ ಈಗಿನ ಅತ್ತೆ ಬೇಸರ ಮಾಡಿಕೊಂಡರೆ ಈ ಕಾಗದವನ್ನು ಅವರ ಕಣ್ಣಿಗೆ ಬೀಳದ ಹಾಗೆ ಇಡು. ಪಿಂಟುವಿನ ಕೈಹಿಡಿದು ಸೊಸೆಯಾಗಿ ಈ ಮನೆಗೆ ಬಂದ ದಿನದಿಂದ ನಿನ್ನನ್ನು ಬೌಮಾ ಎಂದೇ ಕರೆದವಳು ನಾನು. ಸುತಪಾ ಎಂದು ಹೆಸರು ಹಿಡಿದು ಕರೆಯಲು ಇವತ್ತಿಗೂ ನಾಲಿಗೆ ಹೊರಳುವುದಿಲ್ಲ. ನನ್ನ ಮಗ ಹೋದ, ನೀನು ಸೌಮೇನನನ್ನು ಮದುವೆಯಾಗಿ ಬರ್ದ್ವಾನ್ ಸೇರಿದೆ. ಇದೆಲ್ಲಾ ತಲೆಗೆ ಗೊತ್ತು, ನಾಲಿಗೆಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ನಿನ್ನ ಕಾಗದ ಸೋಮವಾರ ಬಂತು. ಜಮಾಯಿ ಷಷ್ಠಿಗೆ ಸೌಮೇನನನ್ನು ಅಳಿಯನಾಗಿ ಕರೆದುಕೊಂಡು ಬರಲೇ ಎಂದು ಕೇಳಿದ್ದೀಯ. ನಿನ್ನ ಅತ್ತೆ ಅಂದದ್ದನ್ನೂ ಬಚ್ಚಿಡದೆ ಬರೆದಿದ್ದೀಯ: "ಅಳಿಯನ ಹಬ್ಬಕ್ಕೆ ಎಲ್ಲರೂ ಹೆಂಡ್ತಿ ತವರಿಗೆ ಹೋಗ್ತಾರಮ್ಮಾ. ನೀನು ಸತ್ತ ಗಂಡನ ಮನೇಲಿ ನನ್ನ ಮಗನ್ನ ಕೂರಿಸ್ತೀಯಾ?" ಆಕೆಯ ಮಾತಿನಲ್ಲಿ ತಪ್ಪೇನಿದೆ ಹೇಳು. ನಿನಗೆ ತಾಯಿ ಇಲ್ಲ, ನಿಜ. ಅಷ್ಟಕ್ಕೇ ನಾನು ನಿನ್ನ ತಾಯಿಯಾಗಿಬಿಡುತ್ತೇನೆಯೇ? ಅಳಿಯನ ಮಣಿಕಟ್ಟಿಗೆ ಹಳದಿ ದಾರ ಕಟ್ಟಿ ಬೀಸಣಿಗೆ ಬೀಸುವ ಕೈ ಶುದ್ಧವಾಗಿರಬೇಕು, ಮಂಗಳವಾಗಿರಬೇಕು. ಸೌಮೇನ್ ಬರುತ್ತೇನೆ ಅಂದದ್ದು ಅವನ ದೊಡ್ಡತನ. ಆದರೆ ನೀವು ಬರಬೇಡಿ. ಆ ಮನೆಯಲ್ಲಿ ನೀನಿನ್ನೂ ಬೇರು ಬಿಡಬೇಕು. ನನಗೋಸ್ಕರ ಅತ್ತೆಯ ಕಣ್ಣಲ್ಲಿ ಕೆಟ್ಟವಳಾಗಬೇಡ.

ನನ್ನ ಚಿಂತೆ ಬಿಡು. ಪಕ್ಕದ ಮನೆಯ ಟುಕು ದಿನಾ ಸಂಜೆ ಬಂದು ಕೂರುತ್ತಾಳೆ, ವಟವಟ ಅನ್ನುತ್ತಾಳೆ, ಹೊತ್ತು ಹೋಗುತ್ತದೆ. ಮೂಲೆ ಅಂಗಡಿಯ ಗೋಷ್ಠ ಈಗಲೂ ನನ್ನ ಬೇಗುನಿಯನ್ನು ಮೊದಲ ಒಬ್ಬೆಯಲ್ಲೇ ಕರಿಯುತ್ತಾನೆ. ಬಾಣಲೆ ಉಜ್ಜಿ ಹೊಸ ಎಣ್ಣೆ ಹುಯ್ದ ಮೇಲೆ, ಈರುಳ್ಳಿ ಬೀಳುವ ಮೊದಲು, ಕಡಲೆಹಿಟ್ಟು ಮೆತ್ತಿಕೊಂಡ ನನ್ನ ಬದನೆ ಹೋಳುಗಳು. ಈರುಳ್ಳಿ ಸೋಕಿದ ಎಣ್ಣೆ ವಿಧವೆಗೆ ಸಲ್ಲದೆಂದು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಅವನ ತಾಯಿಯೂ ಬಿಳಿ ಸೀರೆಯಲ್ಲೇ ಬದುಕು ಕಳೆದವಳು.

ನಿನಗೆ ನೆನಪಿದೆಯೋ ಇಲ್ಲವೋ, ನೀನು ಅಂಗಡಿಗೆ ಎರಡೆರಡು ಸಲ ಓಡುತ್ತಿದ್ದೆ. ಮೊದಲು ನನ್ನ ಬೇಗುನಿ, ಆಮೇಲೆ ನಿನ್ನ ಈರುಳ್ಳಿ ಪೆಯಾಜಿ. "ಒಂದೇ ಸಲ ತರೋಕೆ ಏನು ಕಷ್ಟ ನಿಂಗೆ? ಬೀದಿ ಸುತ್ತೋ ಚಟ" ಎಂದು ನಾನು ಬೈದರೆ, "ನಿಮ್ದು ಆರಿಹೋದ್ರೆ ನೀವು ಮುಟ್ಟಲ್ಲ, ಆಮೇಲೆ ಮುಖ ಊದಿಸ್ಕೊಂಡು ಕೂರ್ತೀರಿ. ಅದನ್ನ ನೋಡೋದಕ್ಕಿಂತ ಬೀದಿ ಸುತ್ತೋದೇ ವಾಸಿ ಮಾ" ಅನ್ನುತ್ತಿದ್ದೆ. ಅಂಗಳದಲ್ಲಿ ಚಾಪೆ ಹಾಸಿ, ಮಂಡಕ್ಕಿಗೆ ಸಾಸಿವೆ ಎಣ್ಣೆ, ಹಸಿಮೆಣಸು ಕಲಸಿ ಇಬ್ಬರೂ ಕೂರುತ್ತಿದ್ದೆವು. ನಿನ್ನ ಬಟ್ಟಲು ಆ ಕಡೆ, ನನ್ನದು ಈ ಕಡೆ. ನಡುವೆ ನೀರಿನ ಚೊಂಬು, ನಿನ್ನ ಈರುಳ್ಳಿ ನನ್ನ ಕಡೆ ಹಾರದಿರಲೆಂದು.

ಪಿಂಟುವಿನ ಶ್ರಾದ್ಧ ಮುಗಿದ ಮರುದಿನ ನನ್ನ ನಾದಿನಿ ನಿನಗೆ ಉಪದೇಶ ಶುರುಮಾಡಿದ್ದಳು: "ಇನ್ನು ಮೀನು, ಈರುಳ್ಳಿ ಎಲ್ಲಾ ಬಿಡಬೇಕಮ್ಮಾ. ನಿಧಾನಕ್ಕೆ ಅಭ್ಯಾಸ ಆಗತ್ತೆ." ಅಭ್ಯಾಸ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. "ಈ ಮನೇಲಿ ಬಾಯಿ ಕಟ್ಟಿಕೊಂಡೋಳು ನಾನೊಬ್ಬಳಿದ್ದೀನಿ, ಸಾಕು" ಎಂದು ಹೇಳಿ ನಾನೇ ಗೋಷ್ಠನ ಅಂಗಡಿಗೆ ಹೋದೆ. ಪೆಯಾಜಿ ಪೊಟ್ಟಣವನ್ನು ಸತ್ತ ಇಲಿಯ ಹಾಗೆ ದೂರ ಹಿಡಿದುಕೊಂಡು ಬಂದು ನಿನ್ನ ಮಡಿಲಿಗೆ ಹಾಕಿದೆ. ನೀನು ಅಳುತ್ತಾ ತಿಂದೆ, ತಿಂದು ಮತ್ತೆ ಅತ್ತುಬಿಟ್ಟೆ. ಆ ದಿನವೇ ನಿನಗೆ ಇನ್ನೊಂದು ಮದುವೆ ಮಾಡಬೇಕೆಂದು ನಾನು ನಿಶ್ಚಯಿಸಿದ್ದು. ಮಾಡಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ನೀನು ಹೋದ ಮರುದಿನ ಬೇಗುನಿ ತೆಗೆದುಕೊಂಡು ಹೊರಟವಳನ್ನು ಗೋಷ್ಠ ತಡೆದ. ಬಾಣಲೆಯಿಂದ ತಲೆ ಎತ್ತದೆ, "ನಿಲ್ಲಿ ಮಾಶಿಮಾ, ಪೆಯಾಜಿ ಒಬ್ಬೆ ಈಗ ಬಿಡ್ತೀನಿ" ಅಂದ. ನಿನ್ನ ಮದುವೆಯಲ್ಲಿ ಊಟ ಮಾಡಿ ಹೋದವನು ಅವನು, ಗೊತ್ತಿಲ್ಲದೆ ಏನಿಲ್ಲ. ನಾನೂ ಬೇಡವೆನ್ನಲಿಲ್ಲ, ನಿಂತೆ. ಆಮೇಲೆ ಅವನೇ ನಾಚಿಕೊಂಡು, "ಕೈ ರೂಢಿ ಮಾಶಿಮಾ. ಬೇಡ ಅಂದ್ರೆ ನಾಳೆಯಿಂದ ನಿಲ್ಲಿಸ್ತೀನಿ" ಅಂದ. "ಇರ್ಲಿ ಬಿಡು, ಟುಕು ತಿಂತಾಳೆ" ಅಂದೆ. ಹಾಗಾಗಿ ಈಗಲೂ ದಿನಾ ಎರಡು ಪೊಟ್ಟಣ ಬರುತ್ತವೆ.

ಒಂಟಿ ಅನಿಸುತ್ತದೆಯೇ ಎಂದು ಕೇಳಿದ್ದೀಯ. ಬೆಳಗ್ಗೆ ಇಲ್ಲ. ಪೂಜೆ, ಅಡುಗೆ, ಮಧ್ಯಾಹ್ನದ ನಿದ್ದೆ, ಇಷ್ಟರಲ್ಲಿ ಹೊತ್ತು ಸರಿಯುತ್ತದೆ. ಸಂಜೆ ದೀಪ ಹಚ್ಚಿ ಶಂಖ ಊದಿದ ಮೇಲೆ ಅನಿಸುತ್ತದೆ. ನನ್ನ ಉಸಿರು ಸಾಲದೆ ಶಂಖ ಬುಸ್ಸೆಂದರೆ ನಗುವವರು ಯಾರೂ ಇಲ್ಲ. ಇವತ್ತು ಬಿರುಗಾಳಿ ಎದ್ದು ನಾಲ್ಕು ಹನಿ ಬಿತ್ತು. ಕರಿದ ವಾಸನೆ ಬೀದಿಯುದ್ದಕ್ಕೂ ಬಂತು. ಮಂಡಕ್ಕಿ ಕಲಸಲು ಕೂತರೆ ಇಬ್ಬರಿಗಾಗುವಷ್ಟು ಸುರಿದುಬಿಟ್ಟಿದ್ದೆ.

ತಾಳೆಗರಿಯ ಹೊಸ ಬೀಸಣಿಗೆ ಕೊಂಡಿದ್ದೇನೆ. ಈ ಸಲ ಸೆಖೆ ಜಾಸ್ತಿ, ಅದಕ್ಕೇ.

ನಿನ್ನ ಅತ್ತೆಗೆ ನನ್ನ ನಮಸ್ಕಾರ, ಸೌಮೇನನಿಗೆ ಆಶೀರ್ವಾದ.

ಇಂತಿ,
ಪಿಂಟುವಿನ ತಾಯಿ
ಶೈಲಬಾಲಾ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ಟುಕುವಿನ ಮನೆಯವರು ಹೋಳಿಯ ದೋಲ್ ಹಬ್ಬ ಕಳೆದ ಕೂಡಲೇ ಆಸನ್‌ಸೋಲಿಗೆ ಹೊರಟುಹೋದರು. ಸಂಜೆ ಇಲ್ಲಿಗೆ ಯಾರೂ ಬರುವುದಿಲ್ಲ. ಪೆಯಾಜಿ ತಿನ್ನುವವಳು ನಾನೇ. ಮೊದಲು ಸುಮ್ಮನೆ ಪೊಟ್ಟಣ ಬಿಚ್ಚಿಡುತ್ತಿದ್ದೆ, ನೀನು ಎದುರು ಕೂತಾಗಿನ ವಾಸನೆ ಬರುತ್ತಿತ್ತು. ಒಂದು ದಿನ ಅದೂ ಸಾಲದೆ ಹೋಯಿತು. ಪಿಂಟುವಿನ ಅಪ್ಪ ಹೋದ ಮೇಲೆ ಈರುಳ್ಳಿ ಮುಟ್ಟಿದ್ದು ಅದೇ ಮೊದಲು. ದಾರ ಕಟ್ಟುವ ಕೈ ಈಗ ಮಡಿಯದ್ದಲ್ಲ, ಇದನ್ನು ಸೌಮೇನನಿಗೆ ಓದಿ ಹೇಳು, ಬೇಕಾದರೆ ನಿನ್ನ ಅತ್ತೆಗೂ. ಗೊತ್ತಿದ್ದೂ ಅವನು ಕೈ ಚಾಚುತ್ತಾನೆ ಎಂದರೆ ಮೇಲೆ ಬರೆದದ್ದನ್ನು ಮರೆತು ಬಂದುಬಿಡಿ. ಯಾರೂ ಇಲ್ಲದ ಮನೆಯಲ್ಲಿ ಅಡುಗೆಕೋಣೆಯ ಬಾಗಿಲು ಹಾಕಿಕೊಂಡು, ನಿಂತೇ ತಿನ್ನುತ್ತೇನೆ ಬೌಮಾ. ಅಂಗಳದಲ್ಲಿ ನಿನ್ನ ಎದುರು ಕೂತು ತಿನ್ನಬೇಕು. ನಡುವೆ ಚೊಂಬು ಬೇಡ.

ನಿನ್ನ ಮಾ